‘ಏನೋ ಎರರ್ ಬಂತು’ ಅಂದರೆ ಸಾಲದು, ಆ ಎರರ್ ಎಲ್ಲಿ ಹೋಯಿತು ಅಂತ ಕೇಳಿ

ಮಾನ್ಯ ಸಂಪಾದಕರೇ,

ನಿಮ್ಮ ಓದುಗರ ಪತ್ರಗಳಲ್ಲಿ ಹುಬ್ಬಳ್ಳಿಯವರೊಬ್ಬರು ಬರೆದದ್ದನ್ನು ಓದಿದೆ. ಯಾವುದೋ ದಾಖಲೆಗೆ ಅರ್ಜಿ ಹಾಕಿ ಕಚೇರಿಗೆ ಅಲೆದಿದ್ದಾರೆ. ಹೋದಾಗಲೆಲ್ಲ ಕೌಂಟರಿನಲ್ಲಿ ಒಂದೇ ಉತ್ತರ: ‘ಏನೋ ಎರರ್ ಬರಾಕತ್ತೈತ್ರಿ, ನಾಳೆ ಬರ್ರಿ.’ ಯಾವ ಎರರ್ ಅಂತ ಕೇಳಿದರೆ ಅಲ್ಲಿ ಕೂತವರಿಗೂ ಗೊತ್ತಿಲ್ಲ. ಸಿಬ್ಬಂದಿಗೆ ಜವಾಬ್ದಾರಿ ಇಲ್ಲ ಅಂತ ಅವರ ಸಿಟ್ಟು. ಸಿಟ್ಟು ಬರೋದು ನ್ಯಾಯವೇ. ಆದರೆ ಅದೆಲ್ಲ ಕೌಂಟರಿನವರ ತಲೆ ಮೇಲೆ ಬಿದ್ದದ್ದು ನನಗೆ ಸರಿ ಕಾಣಲಿಲ್ಲ. ಅವರ ಪರದೆ ಮೇಲೆ ಬರೀ ‘ಎರರ್’ ಅಂತ ಬಂದಿದ್ದರೆ ಅವರಾದರೂ ಏನು ಹೇಳಬೇಕು? ಹಿಂದೆ ಕೆಲಸ ಮಾಡೋ ಪ್ರೋಗ್ರಾಂ ಮಾತ್ರ ಬಹಳ ಸಲ ಕಾರಣವನ್ನು ಪೂರ್ತಿ ಒಂದು ಸಾಲಿನಲ್ಲಿ ಹೇಳಿರುತ್ತದೆ. ನಡುವೆ ಯಾರೋ ಬರೆದಿಟ್ಟ ಸ್ಕ್ರಿಪ್ಟ್ ಆ ಸಾಲನ್ನು ನುಂಗಿರುತ್ತದೆ.

ಇದನ್ನು ಹೇಳೋಕೆ ನನಗೇನು ಅರ್ಹತೆ ಅಂತ ಕೇಳಬಹುದು. ನಾನು ಗದಗಿನ ಒಂದು ಮುದ್ರಣಾಲಯದಲ್ಲಿ ಪ್ರಿ-ಪ್ರೆಸ್ ಕೆಲಸ ಮಾಡುವವನು. ಗಿರಾಕಿ ಕಳಿಸಿದ ಫೈಲ್ ತೆಗೆದುಕೊಂಡು, ಪುಟ ಜೋಡಿಸಿ, ಪ್ಲೇಟಿಗೆ ಹೋಗುವಂತೆ ಮಾಡಿಕೊಡೋದು ನನ್ನ ಪಾಲಿನ ಕೆಲಸ. ಲಗ್ನಪತ್ರಿಕೆ, ಬಿಲ್ ಬುಕ್, ಕ್ಯಾಲೆಂಡರ್, ಜಾತ್ರೆ ಪೋಸ್ಟರ್, ಯಾವುದು ಬಂದರೂ ಸರಿ. ಊರಿಗೆ ‘ಮುದ್ರಣ ಕಾಶಿ’ ಅಂತ ಹೆಸರೇನೋ ಇದೆ, ಆದರೆ ಸಣ್ಣ ಪ್ರೆಸ್ಸಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳೋಕೆ ಅಂತ ಬೇರೆ ಆಳು ಇರೋದಿಲ್ಲ. ಕೆಟ್ಟರೆ ನಾನೇ ನೋಡಬೇಕು. ವಿಂಡೋಸ್ ಥರ ಕಂಪ್ಯೂಟರ್ ನಡೆಸೋ ಲಿನಕ್ಸ್, ಟೈಪ್ ಮಾಡಿದ ಕಮಾಂಡ್ ಓಡಿಸೋ ಶೆಲ್, ಅದರ ಸ್ಕ್ರಿಪ್ಟ್ ಅಂತ ನಾನು ಕಲಿತದ್ದೆಲ್ಲ ಸೀಸನ್ನಿನ ರಾತ್ರಿ ಪಾಳಿಯಲ್ಲಿ.

ಸ್ಕ್ರಿಪ್ಟ್ ಅಂದರೆ ದೊಡ್ಡ ವಿಷಯ ಏನಲ್ಲ. ಕೈಯಲ್ಲಿ ಒಂದೊಂದಾಗಿ ಟೈಪ್ ಮಾಡೋ ಕಮಾಂಡುಗಳನ್ನು ಒಂದು ಫೈಲಿನಲ್ಲಿ ಸಾಲಾಗಿ ಬರೆದಿಡೋದು. ಕಂಪ್ಯೂಟರ್ ಅದನ್ನು ಮೇಲಿಂದ ಕೆಳಗೆ ಓದಿ ಮಾಡಿ ಮುಗಿಸುತ್ತದೆ. ಕೈಯಲ್ಲಿ ಮಾಡುವಾಗ ತಪ್ಪಾದರೆ ಪರದೆ ಮೇಲೆ ಕಾಣುತ್ತದೆ. ರಾತ್ರಿ ಎರಡು ಗಂಟೆಗೆ ಸ್ಕ್ರಿಪ್ಟ್ ತಾನೇ ಓಡುವಾಗ ಪರದೆ ಮುಂದೆ ಯಾರಿರುತ್ತಾರೆ? ಹಾಗಾಗಿ ಅದು ಹೇಳಿದ್ದನ್ನು ಹಿಡಿದಿಡಬೇಕು.

ಯುನಿಕ್ಸ್, ಅದರ ಮಾದರಿಯ ಲಿನಕ್ಸ್‌ನಲ್ಲಿ ಪ್ರತಿ ಪ್ರೋಗ್ರಾಮಿಗೂ ಶುರುವಿನಲ್ಲೇ ಮೂರು ದಾರಿ ಸಿಗುತ್ತವೆ. ಅವಕ್ಕೆ 0, 1, 2 ಅಂತ ನಂಬರ್. 0 ಅಂದರೆ ಒಳಗೆ ಬರೋದು. 1 ಅಂದರೆ ಕೆಲಸದ ಫಲಿತಾಂಶ ಹೊರಗೆ ಹೋಗೋದು. 2 ಅಂದರೆ ದೂರು, ಎಚ್ಚರಿಕೆ, ತಪ್ಪಿನ ವಿವರ ಹೋಗೋ ದಾರಿ. ಪರದೆ ಮೇಲೆ 1 ಮತ್ತು 2 ಎರಡೂ ಒಟ್ಟಿಗೇ ಕಾಣೋದರಿಂದ ಅವು ಬೇರೆ ಬೇರೆ ಅಂತ ಹೊಸಬರಿಗೆ ಗೊತ್ತೇ ಆಗೋದಿಲ್ಲ.

ಈ ಎರಡನೇ ನಂಬರ್ ಹುಟ್ಟಿದ ಕತೆ ನಮ್ಮ ಮುದ್ರಣದವರು ಕೇಳಬೇಕಾದ್ದು. 1970ರ ದಶಕ, ಅಮೆರಿಕದ ನ್ಯೂಜೆರ್ಸಿಯ ಬೆಲ್ ಲ್ಯಾಬ್ಸ್. ಯುನಿಕ್ಸ್ ಬರೆದವರು ತಮ್ಮ ಬರಹಗಳನ್ನು ಅಲ್ಲೇ ಒಂದು ಫೋಟೊ ಟೈಪ್‌ಸೆಟಿಂಗ್ ಯಂತ್ರದಲ್ಲಿ ಅಕ್ಷರ ಜೋಡಿಸಿ ತೆಗೆಯುತ್ತಿದ್ದರು. ಯಂತ್ರದಿಂದ ಬಂದ ಉದ್ದನೆ ಕಾಗದದ ಪಟ್ಟಿಯನ್ನು ಇನ್ನೊಂದು ನಾರುವ ರಾಸಾಯನಿಕದ ಯಂತ್ರಕ್ಕೆ ಹಾಕಿ, ಕೆಲವು ನಿಮಿಷ ಕಾದ ಮೇಲೆ ಅಕ್ಷರ ಮೂಡುತ್ತಿದ್ದವು. ಆಗ ಫಲಿತಾಂಶಕ್ಕೂ ತಪ್ಪಿಗೂ ಇದ್ದದ್ದು ಒಂದೇ ದಾರಿ. ಒಂದು ಮಧ್ಯಾಹ್ನ ಹಲವರು ತಮ್ಮ ಪಟ್ಟಿಗಳನ್ನು ತೊಳೆದು ತೆಗೆದರೆ ಪುಟಗಟ್ಟಲೆ ಬರಹದ ಬದಲು ಒಂದೇ ಒಂದು ಸಾಲು, ಅದೂ ಬಹಳ ಚಂದದ ಅಕ್ಷರದಲ್ಲಿ: ಇಂಥ ಫೈಲ್ ತೆರೆಯಲು ಆಗಲಿಲ್ಲ! ತಪ್ಪಿನ ಸಂದೇಶವೇ ಅಚ್ಚಾಗಿ ಬಂದಿತ್ತು. ಅಲ್ಲೇ ಕೆಲಸ ಮಾಡುತ್ತಿದ್ದ ಸ್ಟೀಫನ್ ಜಾನ್ಸನ್ ಇದನ್ನು ಹೇಳಿಕೊಂಡಿದ್ದಾರೆ. ಎಲ್ಲರೂ ಗೊಣಗಿದ್ದು ಸರಿಯಾದವರ ಕಿವಿಗೆ ಬಿತ್ತು, ಒಂದೆರಡು ದಿನದಲ್ಲೇ ತಪ್ಪಿಗೆ ಬೇರೆ ದಾರಿ ಆಯಿತು. ಮಾಡಿದವರು ಡೆನಿಸ್ ರಿಚಿ, ಸಿ ಭಾಷೆ ಬರೆದವರೇ. 1975ರ ಆರನೇ ಆವೃತ್ತಿಯವರೆಗೂ ಯುನಿಕ್ಸ್‌ನಲ್ಲಿ ಈ ಅವ್ಯವಸ್ಥೆಯನ್ನು ಜನ ಸಹಿಸಿಕೊಂಡೇ ಬಂದಿದ್ದರು ಅಂತ ಅವರ ಸಹೋದ್ಯೋಗಿ ಡಗ್ಲಸ್ ಮೆಕ್ಇಲ್ರಾಯ್ ಬರೆದಿದ್ದಾರೆ. ಮೊಳೆ ಜೋಡಿಸಿ ಕೈ ಕಪ್ಪು ಮಾಡಿಕೊಂಡ ನಮ್ಮ ಪ್ರೆಸ್ಸಿನ ಹಿರಿಯರಿಗೆ ಈ ಕತೆ ಹೇಳಿದಾಗ ಅವರು ಬಿದ್ದು ಬಿದ್ದು ನಕ್ಕರು. ‘ತಪ್ಪನ್ನ ಇಷ್ಟ್ ಚಂದ ಕಂಪೋಸ್ ಮಾಡಿದ್ರಲ್ಲೋ ತಮ್ಮಾ’ ಅಂದರು.

ಹೀಗೆ ದುಡಿದು ಬೇರೆ ಮಾಡಿದ ದಾರಿಯನ್ನು ನಮ್ಮಲ್ಲಿ ಬಹಳ ಜನ ಮೊದಲ ದಿನವೇ ಮುಚ್ಚಿಬಿಡುತ್ತಾರೆ. ಹೇಗೆ ಅಂತ ನಮ್ಮ ಪ್ರೆಸ್ಸಿನದ್ದೇ ಹೇಳುತ್ತೇನೆ.

ನಾನು ಸೇರುವ ಮೊದಲೇ ಇಲ್ಲಿ ಒಂದು ಬ್ಯಾಕಪ್ ಸ್ಕ್ರಿಪ್ಟ್ ಇತ್ತು. ಹೊರಗಿನಿಂದ ಬಂದವರು ಯಾರೋ ಹಾಕಿಕೊಟ್ಟು, ದುಡ್ಡು ತೆಗೆದುಕೊಂಡು ಹೋಗಿದ್ದರು. ದಿನಾ ರಾತ್ರಿ ಕೆಲಸದ ಫೋಲ್ಡರನ್ನು ಇನ್ನೊಂದು ಡಿಸ್ಕಿಗೆ ನಕಲು ಮಾಡಿ, ಮುಂಜಾನೆ ಸಾವ್ಕಾರರ ಫೋನಿಗೆ ‘ಬ್ಯಾಕಪ್ ಮುಗಿದಿದೆ’ ಅಂತ ಮೆಸೇಜ್ ಕಳಿಸುತ್ತಿತ್ತು. ಅವರಿಗೆ ಅದು ದೇವರಿಗೆ ಕೈ ಮುಗಿದಷ್ಟೇ ಖಾತ್ರಿ. ಒಂದು ದಿನ ಎಪಿಎಂಸಿಯ ದಲಾಲಿ ಅಂಗಡಿಯವರು ಬಂದರು. ಹಳೆ ಬಿಲ್ ಬುಕ್ಕೇ ಮತ್ತೆ ಬೇಕು, ಜಿಎಸ್‌ಟಿ ನಂಬರ್ ಮಾತ್ರ ದಪ್ಪ ಅಕ್ಷರದಲ್ಲಿ ಬರಲಿ ಅಂದರು. ಕೆಲಸದ ಕಂಪ್ಯೂಟರಿನಲ್ಲಿ ಆ ಫೈಲ್ ಅಳಿಸಿ ಹೋಗಿತ್ತು. ಬ್ಯಾಕಪ್ ಡಿಸ್ಕ್ ತೆಗೆದು ನೋಡಿದರೆ ಅಲ್ಲಿರೋದೆಲ್ಲ ಹಳೇ ಕೆಲಸ. ತಿಂಗಳುಗಳಿಂದ ಒಂದು ಫೈಲೂ ಹೊಸದಾಗಿ ಬಿದ್ದಿಲ್ಲ.

ಸ್ಕ್ರಿಪ್ಟ್ ತೆರೆದೆ. ಆರ್‌ಸಿಂಕ್ ಅನ್ನೋ ನಕಲು ಕಮಾಂಡಿನ ಕೊನೆಗೆ ಅವರು 2>/ಡೆವ್/ನಲ್ ಅಂತ ಬಾಲ ಹಚ್ಚಿದ್ದರು. ಎರಡನೇ ದಾರಿಯಲ್ಲಿ ಏನು ಬಂದರೂ ಬಿಸಾಡು ಅಂತ ಅದರ ಅರ್ಥ. ಡೆವ್-ನಲ್ ಅನ್ನೋದಕ್ಕೆ ಎಷ್ಟು ಹಾಕಿದರೂ ತುಂಬೋದಿಲ್ಲ, ಹಾಕಿದ್ದು ವಾಪಸ್ ಬರೋದೂ ಇಲ್ಲ. ಅದರ ಕೆಳಗಿನ ಸಾಲೇ ಸಾವ್ಕಾರರಿಗೆ ಮೆಸೇಜ್ ಕಳಿಸೋದು. ಮೇಲಿನ ಸಾಲು ಗೆದ್ದಿತೋ ಸೋತಿತೋ ಅಂತ ಕೇಳೋ ಮಾತೇ ಇಲ್ಲ. ಆ ಬಾಲ ಕತ್ತರಿಸಿ ಕೈಯಲ್ಲಿ ಓಡಿಸಿದೆ. ತಕ್ಷಣ ಬಂತು: ‘ರೀಡ್-ಓನ್ಲಿ ಫೈಲ್ ಸಿಸ್ಟಮ್ (30)’. ಕೊನೆಗೆ ‘ಕೋಡ್ 23’, ಅಂದರೆ ತಪ್ಪಿನಿಂದ ನಕಲು ಪೂರ್ತಿ ಆಗಲಿಲ್ಲ ಅಂತ. ಡಿಸ್ಕಿನಲ್ಲಿ ದೋಷ ಕಂಡರೆ ಲಿನಕ್ಸ್ ಇನ್ನೂ ಹಾಳಾಗೋದು ಬೇಡ ಅಂತ ಅದನ್ನು ಓದಲು ಮಾತ್ರ ಬಿಟ್ಟು, ಬರೆಯೋದನ್ನು ನಿಲ್ಲಿಸಿಬಿಡಬಹುದು. ಇಲ್ಲಿ ಆದದ್ದು ಅದೇ. ಕರೆಂಟ್ ಹೋಗಿ ಬರೋ ಊರಿನಲ್ಲಿ ಇದು ಆಶ್ಚರ್ಯದ ಮಾತೂ ಅಲ್ಲ. ಆಶ್ಚರ್ಯ ಏನೆಂದರೆ ಆರ್‌ಸಿಂಕ್ ಪ್ರತಿ ರಾತ್ರಿ ಇದನ್ನೇ ಹೇಳುತ್ತಿತ್ತು. ಸ್ಕ್ರಿಪ್ಟ್ ಪ್ರತಿ ರಾತ್ರಿ ಅದನ್ನು ಬಿಸಾಡುತ್ತಿತ್ತು.

‘ದಿನಾ ಮುಂಜಾನೆ ಮುಗಿದೈತಿ ಅಂತ ಬರ್ತಿತ್ತಲ್ಲೋ?’ ಅಂದರು ಸಾವ್ಕಾರರು.

‘ಸ್ಕ್ರಿಪ್ಟ್ ಮುಗೀತಿತ್ರಿ. ಬ್ಯಾಕಪ್ ಆಗ್ತಿರಲಿಲ್ಲ,’ ಅಂದೆ.

ಬಿಲ್ ಬುಕ್ಕನ್ನು ಹಳೆ ಪ್ರತಿ ನೋಡಿಕೊಂಡು ಮತ್ತೆ ಕಂಪೋಸ್ ಮಾಡಿದೆವು. ಅದು ಅಲ್ಲಿಗೆ ಮುಗಿಯಿತು. ನನಗೆ ತಲೆ ಕೆಟ್ಟದ್ದು ಬೇರೆ ವಿಷಯಕ್ಕೆ. ಆ ಬಾಲ ಯಾಕೆ ಹಚ್ಚಿದರು ಅಂತ. ಊಹೆ ಮಾಡೋದು ಕಷ್ಟ ಅಲ್ಲ. ಮೊದಲ ದಿನ ಓಡಿಸಿದಾಗ ಏನೋ ಒಂದು ಸಣ್ಣ ಎಚ್ಚರಿಕೆ ಪರದೆ ಮೇಲೆ ಬಂದಿರಬೇಕು. ಗಿರಾಕಿ ಮುಂದೆ ಕೆಂಪು ಅಕ್ಷರ ಕಾಣಬಾರದು ಅಲ್ವಾ? ಮುಚ್ಚಿದರು. ಇಂಥದ್ದು ಎಷ್ಟೋ ಕಡೆ ನೋಡಿದ್ದೇನೆ. ಪರದೆ ಸ್ವಚ್ಛ ಇದ್ದರೆ ಕೆಲಸ ಸ್ವಚ್ಛ ಅಂತ ದುಡ್ಡು ಕೊಡೋರು ನಂಬುತ್ತಾರೆ, ಮಾಡೋರು ಆ ನಂಬಿಕೆಗೆ ತಕ್ಕಂತೆ ಮಾಡಿಕೊಡುತ್ತಾರೆ.

ಇನ್ನು ಸ್ಕ್ರಿಪ್ಟ್ ಬರೆಯೋ ಹುಡುಗ ಹುಡುಗಿಯರು ನಿಮ್ಮ ಪತ್ರಿಕೆ ಓದುತ್ತಿದ್ದರೆ ಅವರಿಗೆ ಸ್ವಲ್ಪ ವಿವರ. ಉಳಿದವರು ಕೆಲವು ಪ್ಯಾರಾ ದಾಟಿ ಹೋದರೂ ನಡೆಯುತ್ತದೆ, ಆದರೆ ಓದಿದರೆ ಲಾಭವೇ.

ಕಮಾಂಡ್ ಹೇಳಿದ್ದನ್ನು ಫೈಲಿಗೆ ಕಳಿಸೋ, ಎಲ್ಲರಿಗೂ ಗೊತ್ತಿರೋ > ಚಿಹ್ನೆ ಹಿಡಿಯೋದು ಒಂದನೇ ದಾರಿಯನ್ನು ಮಾತ್ರ. ಲಾಗ್ ಅಂದರೆ ಪ್ರೋಗ್ರಾಂ ಹೇಳಿದ್ದನ್ನು ಬರೆದಿಡೋ ಫೈಲ್. ‘ಲಾಗ್ ಫೈಲಿಗೆ ಹಾಕಿದ್ದೀನಲ್ಲ ಸರ್, ಅದರಾಗ ಎರರ್ ಏನೂ ಇಲ್ಲ’ ಅನ್ನೋರು ಬಹಳ ಜನ. ಇರೋದಿಲ್ಲಪ್ಪಾ, ಎರರ್ ಹೋಗೋದು ಎರಡನೇ ದಾರಿಯಲ್ಲಿ. ಎರಡನ್ನೂ ಒಂದೇ ಫೈಲಿಗೆ ಹಾಕಬೇಕು ಅಂದರೆ ಹೀಗೆ ಬರೆಯಬೇಕು:

ಕಮಾಂಡ್ >>ಲಾಗ್ 2>&1

ಇಲ್ಲಿ 2>&1 ಅಂದರೆ ‘ಒಂದನೇ ದಾರಿ ಈಗ ಎಲ್ಲಿಗೆ ಹೋಗುತ್ತಿದೆಯೋ ಎರಡನೇ ದಾರಿಯೂ ಅಲ್ಲಿಗೇ ಹೋಗಲಿ’ ಅಂತ. ಇದರಲ್ಲಿ ‘ಈಗ’ ಅನ್ನೋದು ಮುಖ್ಯ. ಶೆಲ್ ಇವನ್ನು ಎಡದಿಂದ ಬಲಕ್ಕೆ ಒಂದೊಂದಾಗಿ ಜೋಡಿಸುತ್ತದೆ. ಹಿಂದೆ ಮುಂದೆ ಮಾಡಿ 2>&1 ಮೊದಲು, >>ಲಾಗ್ ಆಮೇಲೆ ಬರೆದರೆ, ಎರಡನೇ ದಾರಿ ಪರದೆಗೇ ಅಂಟಿಕೊಂಡು ಉಳಿಯುತ್ತದೆ. ಒಂದನೇದು ಮಾತ್ರ ಫೈಲಿಗೆ ಹೋಗುತ್ತದೆ. ಆಗಲೂ ಲಾಗ್ ಸ್ವಚ್ಛ, ಕೆಲಸ ಕೊಳಕು. ಅಂದಹಾಗೆ, > ಒಂದೇ ಹಾಕಿದರೆ ಪ್ರತಿ ಸಲ ಹಳೇದು ಅಳಿಸಿ ಹೊಸದು ಬರೆಯುತ್ತದೆ. ಎರಡು ಹಾಕಿದರೆ ಹಳೇದರ ಕೆಳಗೆ ಸೇರಿಸುತ್ತದೆ.

ಮಜಾ ಅಂದರೆ, ಇದೇ ತಿರುಗು-ಮುರುಗು ಇನ್ನೊಂದು ಕಡೆ ಸರಿಯಾದ ದಾರಿ. ಕಮಾಂಡ್ ಹೇಳಿದ್ದನ್ನು ಸ್ಕ್ರಿಪ್ಟಿನ ಒಳಗೇ ಒಂದು ವೇರಿಯೆಬಲ್‌ನಲ್ಲಿ, ಅಂದರೆ ಹೆಸರು ಕೊಟ್ಟ ಡಬ್ಬಿಯಲ್ಲಿ, ಹಿಡಿಯೋಕೆ $( ) ಇದೆ. ಅದೂ ಒಂದನೇ ದಾರಿಯನ್ನೇ ಹಿಡಿಯೋದು. ನನಗೆ ಬೇಕಾದ್ದು ತಪ್ಪಿನ ಸಾಲು. ಹಾಗಾಗಿ ನಮ್ಮ ಬ್ಯಾಕಪ್ ಈಗ ಹೀಗಿದೆ:

ತಪ್ಪು=$(ಆರ್‌ಸಿಂಕ್ -ಎವಿ ಕೆಲಸ/ ಬ್ಯಾಕಪ್/ 2>&1 >>ವಿವರ)
ಫಲ=$?

ಆವರಣದ ಒಳಗೆ ಒಂದನೇ ದಾರಿ ಶುರುವಿನಲ್ಲೇ ವೇರಿಯೆಬಲ್ ಕಡೆ ತಿರುಗಿರುತ್ತದೆ. 2>&1 ಮೊದಲು ಬಂದಿದ್ದರಿಂದ ಎರಡನೇದೂ ಆ ಕಡೆ ತಿರುಗಿತು. ಆಮೇಲೆ ಒಂದನೇದನ್ನು ತೆಗೆದು ‘ವಿವರ’ ಅನ್ನೋ ಫೈಲಿಗೆ ಕಳಿಸಿದೆ. ಈಗ ವೇರಿಯೆಬಲ್‌ನಲ್ಲಿ ಉಳಿದದ್ದು ತಪ್ಪು ಮಾತ್ರ. ಇದು ತಲೆಗೆ ಹತ್ತಿದ ದಿನ ನನಗೆ ಭಾರಿ ಖುಷಿ ಆಗಿತ್ತು, ಮನೆಯಲ್ಲಿ ಹೇಳಿದರೆ ಯಾರಿಗೂ ಅರ್ಥ ಆಗಲಿಲ್ಲ. (ಹೆಸರುಗಳನ್ನು ಓದೋರಿಗೆ ಸುಲಭ ಆಗಲಿ ಅಂತ ಕನ್ನಡದಲ್ಲಿ ಬರೆದಿದ್ದೇನೆ. ಬ್ಯಾಶ್ ಅನ್ನೋ ಶೆಲ್‌ನಲ್ಲಿ ಫೈಲಿನ ಹೆಸರು ಕನ್ನಡದಲ್ಲಿ ಇಡಬಹುದು, ವೇರಿಯೆಬಲ್ ಹೆಸರು, ಆರ್‌ಸಿಂಕ್ ಥರದ ಕಮಾಂಡು ಮಾತ್ರ ಇಂಗ್ಲಿಷ್ ಅಕ್ಷರದಲ್ಲೇ ಇರಬೇಕು.)

ಎರಡನೇ ಸಾಲಿನ $? ಅನ್ನೋದನ್ನು ಬಿಡಬೇಡಿ. ಪ್ರತಿ ಕಮಾಂಡ್ ಮುಗಿಯುವಾಗ ಒಂದು ಅಂಕಿ ಕೊಟ್ಟು ಹೋಗುತ್ತದೆ. ಸೊನ್ನೆ ಅಂದರೆ ಸರಿ, ಬೇರೆ ಏನಾದರೂ ಅಂದರೆ ಏನೋ ಇದೆ. 127 ಅಂದರೆ ಆ ಹೆಸರಿನ ಕಮಾಂಡೇ ಸಿಗಲಿಲ್ಲ. 126 ಅಂದರೆ ಸಿಕ್ಕಿತು, ಓಡಿಸೋಕೆ ಆಗಲಿಲ್ಲ. ಈ ಅಂಕಿಯನ್ನು ತಕ್ಷಣ ಎತ್ತಿಟ್ಟುಕೊಳ್ಳಬೇಕು. ನಡುವೆ ಪರದೆ ಮೇಲೆ ಬರೆಯೋ ಎಕೋ ಅನ್ನೋ ಕಮಾಂಡ್ ಹಾಕಿ ‘ಈಗ ನೋಡೋಣ’ ಅಂತ ಬರೆದರೂ ಸಾಕು, $? ಆ ಎಕೋದ್ದಾಗಿಬಿಡುತ್ತದೆ. ಎಕೋ ಬಹುತೇಕ ಯಾವಾಗಲೂ ಪಾಸು.

ಇಷ್ಟೆಲ್ಲ ಯಾಕೆ, ಎರಡನೇ ದಾರಿಯಲ್ಲಿ ಏನಾದರೂ ಬಂದರೆ ತಪ್ಪು, ಬರದಿದ್ದರೆ ಸರಿ ಅಂತ ನೋಡಿದರೆ ಸಾಲದಾ ಅಂತ ಕೆಲವರು ಕೇಳುತ್ತಾರೆ. ಸಾಲದು. ಫೈಲ್ ಇಳಿಸಿಕೊಳ್ಳೋ ಕರ್ಲ್ ‘ಇಷ್ಟು ಪರ್ಸೆಂಟ್ ಆಯಿತು’ ಅನ್ನೋದನ್ನೂ ಅದೇ ದಾರಿಯಲ್ಲಿ ಹೇಳುತ್ತದೆ. ವಿಡಿಯೊ ಕೆಲಸದ ಎಫ್ಎಫ್‌ಎಂಪೆಗ್ ತನ್ನ ಹರಟೆಯನ್ನೆಲ್ಲ ಅಲ್ಲೇ ಹಾಕುತ್ತದೆ. ಅದಕ್ಕೆ ಎದುರಾಗಿ, ನಮ್ಮ ಪ್ರೆಸ್ಸಿನಲ್ಲಿ ಪಿಡಿಎಫ್ ಪುಟ ತಯಾರಿಸೋಕೆ ದಿನಾ ಬೇಕಾಗೋ ಘೋಸ್ಟ್‌ಸ್ಕ್ರಿಪ್ಟ್‌ಗೆ ಫಾಂಟ್ ಸಿಗದಿದ್ದರೆ ಬೇರೆ ಫಾಂಟ್ ಹಾಕಿಕೊಂಡು ಮುಂದೆ ಹೋಗುತ್ತದೆ. ಆ ಮಾತನ್ನು ಒಂದನೇ ದಾರಿಯಲ್ಲಿ ಹೇಳಿ, ಸೊನ್ನೆ ಕೊಟ್ಟೇ ಮುಗಿಸುತ್ತದೆ. ಕನ್ನಡದ ಲಗ್ನಪತ್ರಿಕೆಯಲ್ಲಿ ಫಾಂಟ್ ಬದಲಾದರೆ ಏನಾಗುತ್ತದೆ ಅಂತ ಪ್ರೆಸ್ಸಿನವರಿಗೆ ಹೇಳಬೇಕಾಗಿಲ್ಲ. ಅದಕ್ಕೇ ಅದರ ಎರಡೂ ದಾರಿ ಹಿಡಿದು, ಆ ಸಾಲು ಇದೆಯಾ ಅಂತ ಹುಡುಕಿಸುತ್ತೇನೆ. ಹುಡುಕೋಕೆ ಗ್ರೆಪ್. ಅದರದ್ದು ಇನ್ನೊಂದು ತಮಾಷೆ: ಹುಡುಕಿದ್ದು ಸಿಗದಿದ್ದರೆ 1 ಕೊಡುತ್ತದೆ, ನಿಜವಾಗಿ ತಪ್ಪಾದರೆ 2. ಇಲ್ಲಿ ಸಿಗದಿರೋದೇ ನಮಗೆ ಒಳ್ಳೇ ಸುದ್ದಿ. ಆರ್‌ಸಿಂಕ್‌ನಲ್ಲೂ ಅಷ್ಟೇ, 23 ಬಂದರೆ ನಾನು ಎದ್ದು ಕೂರುತ್ತೇನೆ. 24 ಬಂದರೆ ನಕಲು ಮಾಡೋಷ್ಟರಲ್ಲಿ ಯಾರೋ ಮೂಲ ಫೈಲನ್ನೇ ಅಳಿಸಿದ್ದಾರೆ ಅಂತ, ಅದಕ್ಕೆ ನಿದ್ದೆ ಕೆಡಿಸಿಕೊಳ್ಳೋದಿಲ್ಲ. ಪ್ರತಿ ಕಮಾಂಡಿನ ಸ್ವಭಾವ ಅದರ ಕೈಪಿಡಿಯಲ್ಲಿ ಬರೆದಿರುತ್ತದೆ, ಓದಬೇಕು ಅಷ್ಟೇ.

ಪರದೆ ಮೇಲೂ ಕಾಣಲಿ, ಫೈಲಿಗೂ ಹೋಗಲಿ ಅಂತ ಟೀ ಅನ್ನೋ ಕಮಾಂಡಿಗೆ ಪೈಪ್ ಮಾಡೋರು, ಅಂದರೆ ಒಂದು ಕಮಾಂಡಿನ ಫಲಿತಾಂಶವನ್ನು ನೇರ ಅದಕ್ಕೆ ಹರಿಸೋರು, ಇದ್ದಾರೆ. ಮಾಡಿ, ತಪ್ಪಿಲ್ಲ. ಪೈಪ್ ಕೂಡ ಒಂದನೇ ದಾರಿಯನ್ನೇ ಒಯ್ಯೋದು, ಹಾಗಾಗಿ ಅದರ ಮುಂಚೆ 2>&1 ಬೇಕು. ಇನ್ನೊಂದು, ಆಮೇಲೆ $? ನೋಡಿದರೆ ಸಿಗೋದು ಟೀಯ ಅಂಕಿ. ಮೂಲ ಕಮಾಂಡ್ ಬಿದ್ದು ಸತ್ತಿದ್ದರೂ ಟೀ ಮಾತ್ರ ಸೊನ್ನೆ. ಸ್ಕ್ರಿಪ್ಟಿನ ಮೇಲೆ ‘ಸೆಟ್ -ಒ ಪೈಪ್‌ಫೇಲ್’ ಅಂತ ಒಂದು ಸಾಲು ಹಾಕಿದರೆ ನಡುವೆ ಯಾವುದು ಬಿದ್ದರೂ ಗೊತ್ತಾಗುತ್ತದೆ. ಮೊದಲು ಇದು ಬ್ಯಾಶ್ ಥರದ ಕೆಲವು ಶೆಲ್‌ಗಳಲ್ಲಿ ಮಾತ್ರ ಇತ್ತು. ಯುನಿಕ್ಸ್ ಥರದ ವ್ಯವಸ್ಥೆಗಳಿಗೆಲ್ಲ ಒಂದೇ ನಿಯಮ ಹೇಳೋ ಪೋಸಿಕ್ಸ್ ಮಾನದಂಡದ 2024ರ ಆವೃತ್ತಿಯಲ್ಲಿ ಸೇರಿದೆ.

ರಾತ್ರಿ ಕೆಲಸಕ್ಕೆ ಕ್ರಾನ್ ಹಾಕಿರುತ್ತೇವೆ, ಹೇಳಿದ ಹೊತ್ತಿಗೆ ಸ್ಕ್ರಿಪ್ಟನ್ನು ತಾನೇ ಓಡಿಸೋ ಪ್ರೋಗ್ರಾಂ ಅದು. ಸ್ಕ್ರಿಪ್ಟ್ ಏನೇ ಹೇಳಿದರೂ ಅದನ್ನು ಯಜಮಾನನಿಗೆ ಮೇಲ್ ಮಾಡೋದು ಕ್ರಾನ್‌ನ ಹಳೇ ಪದ್ಧತಿ. ಒಳ್ಳೇ ಪದ್ಧತಿಯೇ. ಆದರೆ ಮೇಲ್ ಕಳಿಸೋ ಪ್ರೋಗ್ರಾಂ ಕಂಪ್ಯೂಟರಿನಲ್ಲಿ ಇರಬೇಕಲ್ಲ? ಉಬುಂಟು, ಡೆಬಿಯನ್ ಅನ್ನೋ ಲಿನಕ್ಸ್‌ಗಳಲ್ಲಿ ಅದು ಇಲ್ಲದಿದ್ದರೆ ಸಿಸ್ಟಂ ಲಾಗಿನಲ್ಲಿ ಒಂದು ಸಾಲು ಬೀಳುತ್ತದೆ: ‘ನೋ ಎಂಟಿಎ ಇನ್‌ಸ್ಟಾಲ್ಡ್, ಡಿಸ್ಕಾರ್ಡಿಂಗ್ ಔಟ್‌ಪುಟ್’. ಮೇಲ್ ಕಳಿಸೋರು ಇಲ್ಲ, ಬಿಸಾಡುತ್ತಿದ್ದೇನೆ ಅಂತ. ಲಿನಕ್ಸ್ ಇಟ್ಟ ಸಣ್ಣ ಅಂಗಡಿಗಳಲ್ಲಿ ಈ ಸಾಲು ಕಂಡರೆ ಆಶ್ಚರ್ಯ ಇಲ್ಲ. ಕೈಯಲ್ಲಿ ಓಡಿಸಿದರೆ ಸರಿ, ಕ್ರಾನ್‌ನಲ್ಲಿ ಆಗೋದಿಲ್ಲ ಅನ್ನೋ ದೂರಿಗೂ ಬಹಳ ಸಲ ಉತ್ತರ ಆ ಬಿಸಾಡಿದ ಸಾಲಿನಲ್ಲೇ ಇರುತ್ತದೆ. ಕ್ರಾನ್ ಕಮಾಂಡುಗಳನ್ನು ಕೆಲವೇ ಫೋಲ್ಡರುಗಳಲ್ಲಿ ಹುಡುಕುತ್ತದೆ, ಸಿಗದಿದ್ದರೆ 127.

ಪೈಥಾನ್, ಪಿಎಚ್‌ಪಿ ಅನ್ನೋ ಪ್ರೋಗ್ರಾಂ ಭಾಷೆಗಳಿಂದ ಶೆಲ್ ಕಮಾಂಡ್ ಓಡಿಸೋರಿಗೂ ಇದೇ ಗೋಳು. ಪಿಎಚ್‌ಪಿಯ ಶೆಲ್-ಎಕ್ಸೆಕ್ ಕೈಗೆ ಕೊಡೋದು ಒಂದನೇ ದಾರಿಯನ್ನು ಮಾತ್ರ. ಪೈಥಾನ್‌ನ ಹಳೇ ಓಎಸ್-ಸಿಸ್ಟಂ ಅಂಕಿ ಬಿಟ್ಟು ಬೇರೇನೂ ಕೊಡೋದಿಲ್ಲ. 2018ರಲ್ಲಿ ಬಂದ 3.7 ಆವೃತ್ತಿಯಿಂದ ಸಬ್‌ಪ್ರೊಸೆಸ್‌ನ ‘ರನ್’ಗೆ ‘ಕ್ಯಾಪ್ಚರ್_ಔಟ್‌ಪುಟ್’ ಅಂತ ಹೇಳಿದರೆ ಎರಡೂ ದಾರಿ ಬೇರೆ ಬೇರೆಯಾಗಿ ಕೈಗೆ ಸಿಗುತ್ತವೆ, ಅಂಕಿಯೂ ಸಿಗುತ್ತದೆ. ಅದನ್ನು ಬಿಟ್ಟು ‘ಪಿ-ಓಪನ್’ ಹಿಡಿದು ಜಾಣತನ ಮಾಡೋರು ಒಂದು ನೆನಪಿಡಬೇಕು. ಲಿನಕ್ಸ್‌ನಲ್ಲಿ ಒಂದು ಪೈಪಿಗೆ ಸಾಮಾನ್ಯವಾಗಿ ಹಿಡಿಯೋದು 64 ಕಿಲೋಬೈಟ್. ನೀವು ಒಂದನೇ ದಾರಿ ಮುಗಿಯಲಿ ಅಂತ ಕಾಯುತ್ತಾ ಕೂತಿರುತ್ತೀರಿ. ಅಷ್ಟರಲ್ಲಿ ಎರಡನೇ ಪೈಪ್ ತುಂಬಿ, ಆ ಪ್ರೋಗ್ರಾಂ ಬರೆಯೋಕೆ ಜಾಗ ಇಲ್ಲದೆ ನಿಂತುಬಿಡುತ್ತದೆ. ಅದು ನಿಮ್ಮನ್ನು ಕಾಯುತ್ತದೆ, ನೀವು ಅದನ್ನು ಕಾಯುತ್ತೀರಿ. ಎರರ್ ಕಡಿಮೆ ಇದ್ದ ದಿನ ಎಲ್ಲ ಸರಿ, ಜಾಸ್ತಿ ಬಂದ ದಿನವೇ ಕೈ ಕೊಡುತ್ತದೆ. ‘ಕಮ್ಯುನಿಕೇಟ್’ ಅನ್ನೋದನ್ನು ಬಳಸಿದರೆ ಅದು ಎರಡನ್ನೂ ಒಟ್ಟಿಗೆ ಓದಿಕೊಳ್ಳುತ್ತದೆ.

ಎಲ್ಲ ಹಿಡಿದರೂ ಸಿಗದ ತಪ್ಪು ಒಂದಿದೆ, ಅದನ್ನೂ ಹೇಳಿಬಿಡುತ್ತೇನೆ. ಬ್ಯಾಕಪ್ ಡಿಸ್ಕಿನ ಕೇಬಲ್ಲೇ ಕಿತ್ತು ಬಂದು, ಆಮೇಲೆ ಕಂಪ್ಯೂಟರ್ ಮತ್ತೆ ಶುರುವಾಗಿದೆ ಅಂತಿಟ್ಟುಕೊಳ್ಳಿ. ಡಿಸ್ಕ್ ಕೂರಬೇಕಿದ್ದ ಖಾಲಿ ಫೋಲ್ಡರ್ ಮಾತ್ರ ಉಳಿದಿರುತ್ತದೆ. ಆರ್‌ಸಿಂಕ್ ಆ ಫೋಲ್ಡರಿಗೇ, ಅಂದರೆ ಅದೇ ಕಂಪ್ಯೂಟರಿನ ಡಿಸ್ಕಿಗೇ, ಎಲ್ಲವನ್ನೂ ನಕಲು ಮಾಡುತ್ತದೆ. ಎರರ್ ಇಲ್ಲ, ಅಂಕಿ ಸೊನ್ನೆ. ಮಾಡಿದ್ದು ಮಾತ್ರ ಬ್ಯಾಕಪ್ ಅಲ್ಲ. ಇದಕ್ಕೆ ನಕಲಿನ ಮುಂಚೆ ‘ಮೌಂಟ್‌ಪಾಯಿಂಟ್’ ಅನ್ನೋ ಕಮಾಂಡಿನಿಂದ ಡಿಸ್ಕ್ ನಿಜವಾಗಿ ಕೂತಿದೆಯಾ ಅಂತ ಕೇಳಿ, ಇಲ್ಲದಿದ್ದರೆ ಅಲ್ಲೇ ನಿಲ್ಲಿಸಬೇಕು.

ಲಾಗ್ ಇಟ್ಟರೆ ಡಿಸ್ಕ್ ತುಂಬುತ್ತದೆ ಅನ್ನೋದು ಮಾಮೂಲಿ ನೆಪ. ಲಾಗ್‌ರೊಟೇಟ್ ಅಂತ ಇದೆ, ಹಳೇದನ್ನು ಒತ್ತಿ ಸಣ್ಣದು ಮಾಡಿ, ಕೊನೆಗೆ ಅಳಿಸುತ್ತದೆ. ಇದಕ್ಕಿಂತ ತೂಕದ ಆಕ್ಷೇಪ ಇನ್ನೊಂದಿದೆ: ಎರರ್ ಸಾಲಿನಲ್ಲಿ ಪಾಸ್‌ವರ್ಡ್, ಜನರ ಹೆಸರು, ಆಧಾರ್ ನಂಬರ್ ಬಂದುಬಿಟ್ಟರೆ? ಹೌದು, ಬರಬಹುದು. ಅದಕ್ಕೇ ಪೂರ್ತಿ ಎರರನ್ನು ಕೌಂಟರಿನ ಪರದೆ ಮೇಲೆ ಹಾಕಿ ಅಂತ ನಾನು ಹೇಳುತ್ತಿಲ್ಲ. ಪೂರ್ತಿ ಸಾಲು ಒಳಗಿನ ಲಾಗಿಗೆ ಹೋಗಲಿ, ಅದನ್ನು ಓದೋ ಅಧಿಕಾರ ಬೇಕಾದವರಿಗೆ ಮಾತ್ರ ಇರಲಿ. ಕೌಂಟರಿನವರಿಗೆ ಒಂದು ನಂಬರ್, ಸಮಯ ಕಾಣಲಿ. ಆ ನಂಬರ್ ಹೇಳಿದರೆ ಒಳಗಿನವರು ಸಾಲು ತೆಗೆದು ನೋಡಬೇಕು.

ಈ ಕೆಲಸ ಮಾಡಿಸಿಕೊಳ್ಳೋರು ಕೇಳದಿದ್ದರೆ ಮಾಡೋರು ಮಾಡೋದಿಲ್ಲ. ನಮ್ಮ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲಿ ಕೃಷಿ ಸಹಕಾರ ಸಂಘ ಶುರುವಾಯಿತು ಅಂತ ಜಿಲ್ಲೆಯವರೆಲ್ಲ ಹೆಮ್ಮೆ ಪಡುತ್ತೇವೆ. 2022ರಲ್ಲಿ ಕೇಂದ್ರ ಸರ್ಕಾರ ದೇಶದ 63,000 ಪ್ರಾಥಮಿಕ ಕೃಷಿ ಸಹಕಾರ ಸಂಘಗಳ ಲೆಕ್ಕವನ್ನು ಕಂಪ್ಯೂಟರಿಗೆ ತರೋಕೆ 2,516 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಲೆಕ್ಕದ ಪುಸ್ತಕದಲ್ಲಿ ಅಂಕಿ ಹೊಡೆದುಹಾಕಿದರೆ ಪಕ್ಕದಲ್ಲಿ ಸಹಿ ಇರಬೇಕು ಅಂತ ಹಳ್ಳಿಯ ಸಂಘದ ಕಾರ್ಯದರ್ಶಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕಂಪ್ಯೂಟರಿನ ಮುಂದೆ ಕೂತಾಗ ಅದೇ ಕಾರ್ಯದರ್ಶಿ ‘ತಪ್ಪಾದರೆ ಎಲ್ಲಿ ಬರೀತದೋ ತಮ್ಮಾ, ತೋರಿಸು’ ಅಂತ ಕೇಳಬೇಕು. ಅಂಗಡಿಯವರು, ದವಾಖಾನೆಯವರು, ಶಾಲೆಯವರೂ ಕೇಳಬೇಕು. ಬ್ಯಾಕಪ್ ಹಾಕಿಸಿಕೊಂಡರೆ ಕೊನೆಯ ಕಂತು ಕೊಡೋ ಮುಂಚೆ ಅವರ ಎದುರಿಗೇ ಡಿಸ್ಕನ್ನು ಸರಿಯಾಗಿ ಕಳಚಿಸಿ, ಸ್ಕ್ರಿಪ್ಟ್ ಓಡಿಸೋಕೆ ಹೇಳಿ. ಆಗಲೂ ‘ಮುಗಿದಿದೆ’ ಅಂತ ಮೆಸೇಜ್ ಬಂದರೆ ಕಂತು ತಡೆಹಿಡಿಯಿರಿ.

ಧಾರವಾಡ, ಹುಬ್ಬಳ್ಳಿ, ಗದಗಿನ ಕಾಲೇಜುಗಳ ಮೇಷ್ಟ್ರುಗಳಿಗೂ ಒಂದು ಕೋರಿಕೆ. ಲ್ಯಾಬ್ ಪರೀಕ್ಷೆಯಲ್ಲಿ ಸ್ಕ್ರಿಪ್ಟ್ ಸರಿಯಾಗಿ ಓಡಿದರೆ ಪೂರ್ತಿ ಅಂಕ ಕೊಡುತ್ತೀರಿ. ಒಂದು ಸಲ ಇಲ್ಲದ ಫೈಲಿನ ಹೆಸರು ಕೊಟ್ಟು ಓಡಿಸಿ, ಏನು ಹೇಳುತ್ತದೆ ನೋಡಿ, ಅದಕ್ಕೂ ಎರಡು ಅಂಕ ಇಡಿ. ನಮ್ಮಲ್ಲಿಗೆ ಕೆಲಸ ಕೇಳಿ ಬರೋ ಹುಡುಗರಿಗೆ ಶೆಲ್ ಬರುತ್ತದೆ, ಲೂಪ್ ಬರುತ್ತದೆ. 2>&1 ಅಂದರೆ ಏನು ಅಂತ ಕೇಳಿದರೆ ‘ಅದು ಎಲ್ಲದರ ಕೊನೀಗೆ ಹಾಕೋದ್ರಿ’ ಅನ್ನುತ್ತಾರೆ.

ಹುಬ್ಬಳ್ಳಿಯ ಆ ಓದುಗರಿಗೆ ಹೇಳೋದು ಇಷ್ಟೇ. ಮುಂದಿನ ಸಲ ಹೋದಾಗ ಕೌಂಟರಿನವರ ಜೊತೆ ಜಗಳ ಮಾಡಬೇಡಿ. ಎಷ್ಟು ಗಂಟೆಗೆ ಎರರ್ ಬಂತು, ಪರದೆ ಮೇಲೆ ಅಕ್ಷರಶಃ ಏನಿತ್ತು, ಅರ್ಜಿ ನಂಬರ್ ಎಷ್ಟು, ಮೂರನ್ನೂ ಒಂದು ಹಾಳೆಯಲ್ಲಿ ಬರೆದು, ಈ ಎರರಿನ ಲಾಗ್ ನೋಡಿ ಕಾರಣ ತಿಳಿಸಿ ಅಂತ ಮನವಿ ಕೊಟ್ಟು, ಸ್ವೀಕೃತಿ ತೆಗೆದುಕೊಳ್ಳಿ. ಲಾಗ್ ಇದ್ದರೆ ಉತ್ತರ ಬರುತ್ತದೆ. ಲಾಗ್ ಇಲ್ಲ ಅಂತ ಬರಹದಲ್ಲಿ ಉತ್ತರ ಬಂದರೆ ಅದನ್ನು ಈ ಪತ್ರಿಕೆಗೇ ಕಳಿಸಿ, ಅದು ಸಿಬ್ಬಂದಿಯ ಬೇಜವಾಬ್ದಾರಿಗಿಂತ ದೊಡ್ಡ ಸುದ್ದಿ.

ಸಂಪಾದಕರೇ, ಅಚ್ಚಿನವನಾಗಿ ಒಂದು ವಿನಂತಿ. ಈ ಪತ್ರ ಹಾಕೋದಾದರೆ 2>&1 ಅನ್ನೋದರ ನಡುವೆ ಎಲ್ಲೂ ಜಾಗ ಬಿಡಬೇಡಿ, ಸಾಲಿನ ಕೊನೆಯಲ್ಲಿ ಮುರಿಯಲೂಬೇಡಿ. 2ಕ್ಕೂ > ಚಿಹ್ನೆಗೂ ನಡುವೆ ಒಂದು ಸ್ಪೇಸ್ ಬಿದ್ದರೆ ಶೆಲ್ ಆ 2ನ್ನು ಕಮಾಂಡಿಗೆ ಕೊಟ್ಟ ಬೇರೆ ಪದ ಅಂತ ತಿಳಿದು, ಎರಡನೇ ದಾರಿಯನ್ನು ಮುಟ್ಟೋದೇ ಇಲ್ಲ. ಪ್ರೂಫ್ ನೋಡುವವರಿಗೆ ದಯವಿಟ್ಟು ತಿಳಿಸಿ.

ಇತಿ,
ಪ್ರಿ-ಪ್ರೆಸ್ ಕೆಲಸಗಾರ, ಬೆಟಗೇರಿ, ಗದಗ